ಪ್ರೇಮಲತಾ ನಿಲ್ಲಿಸಿದ ಪಾಯ

ಸಿ.ಎಸ್. ಪುರದ ವೆಂಕಟರಂಗಯ್ಯನವರ ಮಗಳು ಪ್ರೇಮಲತಾಗೆ ಎಂಜಿನಿಯರಿಂಗಿನಲ್ಲಿ ಕಂಪ್ಯೂಟರ್ ಸೀಟು ಸಿಗುವಂಥ ರ‍್ಯಾಂಕೇ ಬಂದಿತ್ತು. ಅವಳು ಸಿವಿಲ್ ಬೇಕೆಂದಳು.

"ಬಿಸ್ಲಲ್ಲಿ ನಿಂತ್ಕೊಂಡ್ ಮಾಡೋ ಕೆಲ್ಸ ಕಣಮ್ಮ" ಎಂದರು ಅಪ್ಪ.

"ರಾಗಿ ಹೊಲದಲ್ಲಿ ನಿಂತಿಲ್ವಾ ನಾನು?"

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಗೆಳತಿಯರೊಂದಿಗೆ ರೂಮು ಮಾಡಿ ನಾಲ್ಕು ವರ್ಷ ಓದಿದಳು. ಸರ್ವೆ ಎಂದರೆ ಪ್ರಾಣ. ಮಣ್ಣಿನ ಬಗೆಗಿನ ಪಾಠ ಮಾತ್ರ ತಲೆಗೆ ಹತ್ತಲಿಲ್ಲ. ಆ ವಿಷಯದಲ್ಲಿ ಹೇಗೋ ಪಾಸಾದಳು.

ಓದು ಮುಗಿದ ಮೇಲೆ ಹಿರೇಹಳ್ಳಿಯಲ್ಲಿ ಫ್ಯಾಕ್ಟರಿ ಶೆಡ್ ಕಟ್ಟಿಸುತ್ತಿದ್ದ ಕಂಟ್ರಾಕ್ಟರ್ ಚನ್ನವೀರಯ್ಯನ ಬಳಿ ಕೆಲಸ ಸಿಕ್ಕಿತು. ಹೆಣ್ಣುಮಗಳೆಂದು ಅವನು ಆಫೀಸಿನಲ್ಲಿ ಕೂರಿಸಿದ. ದಿನಾ ಬೆಳಿಗ್ಗೆ "ಸೈಟಿಗೆ ಹೋಗ್ಲಾ ಸಾರ್?" ಎಂದು ಕೇಳಿ ಕೇಳಿ ಅವನನ್ನು ಒಪ್ಪಿಸಿದಳು.

ಒಂದು ದಿನ ಕಂಬದ ಪಾಯಕ್ಕೆ ಕಾಂಕ್ರೀಟ್ ಲಾರಿ ಬಂದು ನಿಂತಾಗ, ಗುಂಡಿಗಿಳಿದ ಅವಳ ಬೂಟು ಕಪ್ಪು ಮಣ್ಣಿನಲ್ಲಿ ಹೂತುಹೋಯಿತು. ಇಲ್ಲಿ ಹಳೇ ಬಾವಿ ಮುಚ್ಚಿರಬೇಕು ಅನ್ನಿಸಿತು. ಕೈಯೆತ್ತಿ ಕೆಲಸ ನಿಲ್ಲಿಸಿದಳು. ಚನ್ನವೀರಯ್ಯ ಕೂಗಾಡಿದರೂ ಕದಲಲಿಲ್ಲ. ಕೊನೆಗೆ ಜೆಸಿಬಿ ತರಿಸಿ ಅಗೆಸಿದರೆ, ಮೊಣಕಾಲುದ್ದ ಕೆಳಗೆ ಗಟ್ಟಿ ಗರಸು ನೆಲ. ಬಾವಿ ಇರಲೇ ಇಲ್ಲ. ಪಕ್ಕದಿಂದ ನೀರು ಜಿನುಗಿ ಮೇಲಿನ ಮಣ್ಣು ಮೆತ್ತಗಾಗಿತ್ತು, ಅಷ್ಟೆ. ಕೆಲಸದವರು ಮುಸಿಮುಸಿ ನಕ್ಕರು.

"ನಾಳೆಯಿಂದ ಆಫೀಸಲ್ಲೇ ಕೂತ್ಕೊಳಮ್ಮ" ಎಂದ ಚನ್ನವೀರಯ್ಯ.

ಮುಖ ಕೆಂಪಗಾಗಿತ್ತು, ಆದರೂ ಅವಳು ತಲೆ ತಗ್ಗಿಸಲಿಲ್ಲ. "ನನ್ ಲೆಕ್ಕ ತಪ್ಪಾಯ್ತು ಸಾರ್. ಆದ್ರೆ ಡೌಟ್ ಇಟ್ಕೊಂಡು ಕಾಂಕ್ರೀಟ್ ಹಾಕ್ಸಕ್ಕೆ ನನ್ ಕೈಲಿ ಆಗಲ್ಲ. ಮೊದ್ಲು ಮಣ್ಣು ಏನು ಅಂತ ಕಲೀತೀನಿ."

ತಿಂಗಳ ಕೊನೆಗೆ ಕೆಲಸ ಬಿಟ್ಟಳು. ಅಷ್ಟರಲ್ಲಿ ಜೊತೆ ಓದಿದ ಅಶ್ವಥ್ ಪರೀಕ್ಷೆ ಬರೆದು ಸರ್ಕಾರಿ ಎಂಜಿನಿಯರಾಗಿದ್ದ. ರೂಮಿನ ಗೆಳತಿ ಅಪೇಕ್ಷಾ ಸೇತುವೆಗಳ ಡಿಸೈನ್ ಮಾಡುತ್ತಿದ್ದಳು. "ಮತ್ತೆ ಓದ್ತೀಯೇನೇ?" ಎಂದು ಅಮ್ಮ ಕಣ್ಣಲ್ಲಿ ನೀರು ತಂದುಕೊಂಡರು. ಪ್ರೇಮಲತಾ ಯಾವ ವಿಷಯ ಕಂಡರೆ ಹೆದರುತ್ತಿದ್ದಳೋ ಅದರಲ್ಲೇ ಎಂ.ಟೆಕ್ ಸೇರಿದಳು. ಮೊದಲ ಸೆಮಿಸ್ಟರಿನಲ್ಲಿ ಒಂದು ಪೇಪರ್ ಹೋಯಿತು. ಮತ್ತೆ ಕಟ್ಟಿ ಪಾಸು ಮಾಡಿದಳು.

ಈಗ ತುಮಕೂರಿನ ಮಣ್ಣು ಪರೀಕ್ಷೆಯ ಲ್ಯಾಬೊಂದರಲ್ಲಿ ಅವಳೇ ಮುಖ್ಯಸ್ಥೆ. ಗುಬ್ಬಿ, ಕುಣಿಗಲ್ ಸುತ್ತ ಎಲ್ಲಿ ಕಟ್ಟಡ ಏಳುವುದಿದ್ದರೂ ನೆಲ ಕೊರೆಯುವ ಯಂತ್ರದ ಜೊತೆ ಹೋಗುತ್ತಾಳೆ.

ಹೋದ ವರ್ಷ ಕುಣಿಗಲ್ಲಿನ ಕೊಲ್ಲಾಪುರಮ್ಮ ಎಂಬ ಹೆಂಗಸು ಕೆರೆ ಕಡೆಯ ಸೈಟಿನಲ್ಲಿ ನಾಲ್ಕು ಅಂತಸ್ತು ಕಟ್ಟಲು ಹೊರಟಿದ್ದರು. ಆ ನೆಲ ಅಷ್ಟು ಭಾರ ತಡೆಯದು ಎಂದಳು ಪ್ರೇಮಲತಾ.

"ಒಸಿ ನೋಡ್ಕಂಡು ರಿಪೋರ್ಟು ಬರ್ಕೊಡವ್ವ, ನಿಂಗೇನ್ ನಷ್ಟ?"

"ಇರೋದನ್ನೇ ಬರೀತೀನಿ ಅಮ್ಮ. ಬೇರೆ ಥರ ಬೇಕಂದ್ರೆ ನನ್ನ ಕೇಳ್ಬೇಡಿ."

ಕೊಲ್ಲಾಪುರಮ್ಮ ಸಿಟ್ಟಿನಿಂದ ಸ್ವಲ್ಪ ದೂರ ಹೋದರು. ಆಮೇಲೆ ತಿರುಗಿ ಬಂದು ಇಟ್ಟಿಗೆ ರಾಶಿಯ ಮೇಲೆ ಕೂತರು.

"ಹಂಗಾರೆ ಎಷ್ಟು ಕಟ್ಬೋದು, ಅದಾರ ಹೇಳು."

ಎರಡು, ಎಂದಳು ಪ್ರೇಮಲತಾ. ಮೊನ್ನೆ ಆ ಮನೆಯ ಎರಡನೇ ಅಂತಸ್ತಿಗೆ ತಾರಸಿ ಹಾಕಿ ಮುಗಿಸಿದರು.