ಬಿಟ್ಟು ಹಿಡಿದ ಮಾತ್ರೆ

ನಿಟ್ಟೂರಿನ ಸುತ್ತಮುತ್ತ ಮನೆ ಮನೆ ಸುತ್ತುವ ಆಶಾ ಕಾರ್ಯಕರ್ತೆ ನಾನು. ಗರ್ಭನಿರೋಧಕ ಮಾತ್ರೆ ಹಂಚುವುದೂ ನನ್ನದೇ ಕೆಲಸ. "ಬಿಟ್ಟು ಮತ್ತೆ ಶುರು ಮಾಡಿದ್ರೆ ಮೊದಲ ಏಳು ದಿನ ಮಾತ್ರೆನ ನಂಬಬೇಡಿ, ನಿರೋಧ್ ಬಳಸಿ" ಎಂದು ಎಷ್ಟು ಹೆಂಗಸರಿಗೆ ಗಿಣಿಪಾಠ ಒಪ್ಪಿಸಿದ್ದೇನೋ! ಕೊನೆಗೆ ಎಡವಿದವಳು ನಾನೇ.

ಟಿಪ್ಪರ್ ಓಡಿಸಲು ಕರಾವಳಿಗೆ ಹೋದ ಗಂಡ ಎರಡು ತಿಂಗಳು ಮನೆಗೆ ಬರಲಿಲ್ಲ. ಯಾರಿಗೋಸ್ಕರ ನುಂಗಲಿ ಎಂದು ಮಾತ್ರೆ ಬಿಟ್ಟೆ. ಒಂದು ಶನಿವಾರ ಹೇಳದೆ ಕೇಳದೆ ಬಂದಿಳಿದರು. ಆ ಸಂಜೆಯೇ ಒಂದು ಮಾತ್ರೆ ನುಂಗಿ ಧೈರ್ಯ ತಂದುಕೊಂಡೆ. ನಿರೋಧ್ ಚೀಲದಲ್ಲೇ ಇತ್ತು, ಹೇಳಲು ನಾಚಿಕೆ! ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಗಂಡನೆದುರು ಕಟ್ಟಿಹೋಯಿತು. ಎರಡು ದಿನವಿದ್ದು ಅವರು ಹೊರಟರು.

ವಾರದೊಳಗೆ ಹೊಟ್ಟೆ ತೊಳಸತೊಡಗಿತು. ತಲೆಸುತ್ತು, ಮೊಲೆಗಳಲ್ಲಿ ನೋವು, ನಡುವೆ ಒಂಚೂರು ರಕ್ತದ ಕಲೆ. ಮಾತ್ರೆಯದೋ, ಬಸಿರಿನದೋ? ಮಗಳಿಗೆ ಇನ್ನೂ ಒಂದು ವರ್ಷ. ಅವಳು ಹುಟ್ಟುವಾಗ ರಕ್ತ ನಿಲ್ಲದೆ ನಾನು ಸತ್ತು ಬದುಕಿದ್ದೆ. ಎರಡು ವರ್ಷ ಇನ್ನೊಂದು ಬಸಿರು ಬೇಡವೇ ಬೇಡ ಎಂದಿದ್ದರು ಡಾಕ್ಟರು. ಒಗ್ಗರಣೆ ವಾಸನೆಗೆ ನಾನು ಅಂಗಳಕ್ಕೆ ಓಡಿದರೆ ಅತ್ತೆ ಒಳಗೊಳಗೇ ನಗುತ್ತಿದ್ದರು. ಅದನ್ನು ಕಂಡು ಮೈಯೆಲ್ಲ ಉರಿಯುತ್ತಿತ್ತು.

ಉಪಕೇಂದ್ರದ ಸಿಸ್ಟರ್ ಬಳಿ ಹೋಗಿ ಎಲ್ಲ ಹೇಳಿಕೊಂಡೆ.

"ನಿನ್ ಬುದ್ಧಿ ಎಲ್ ಹೋಗಿತ್ತು ಮಾರಾಯ್ತಿ? ಶುರುವಿಗೆ ವಾಕರಿಕೆ, ರಕ್ತ ಕಾಣೋದು ಮಾತ್ರೆಯಿಂದ್ಲೂ ಆಗ್ತದೆ. ಆದ್ರೆ ಈಗ್ಲೇ ಟೆಸ್ಟ್ ಮಾಡಿದ್ರೆ ನಂಬಕ್ಕಾಗಲ್ಲ. ಅವರು ಬಂದು ಹೋಗಿ ಮೂರು ವಾರ ಆಗ್ಲಿ. ಮಾತ್ರೆ ಮಾತ್ರ ಬಿಡ್ಬೇಡ, ಊಟ ಆದ್ಮೇಲೆ ತಗೋ."

ಮೂರು ವಾರ! ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಬಸುರಿಯರ ಮನೆಗೆ ಹೋಗಿ ಅವರ ತಿಂಗಳು ಕೇಳುತ್ತ ನನ್ನ ದಿನ ಎಣಿಸಿದೆ. ಎತ್ತಿಕೋ ಎಂದು ಕೈಚಾಚಿದ ಮಗಳಿಗೂ ಗದರಿದೆ. ಆಮೇಲೆ ಅವಳನ್ನು ಅಪ್ಪಿಕೊಂಡು ಕಣ್ಣೀರು ಹಾಕಿದೆ.

ಕಡೆಗೂ ಆ ದಿನ ಬಂತು. ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು ಕಿಟ್ ತೆಗೆದೆ. ಒಂದೇ ಗೆರೆ. ಐದು ನಿಮಿಷ ಕಾದೆ, ಆಗಲೂ ಒಂದೇ. ಅಬ್ಬಾ, ಬದುಕಿದೆ! ಬಚ್ಚಲಿನಿಂದಲೇ ಗಂಡನಿಗೆ ಫೋನ್ ಮಾಡಿದೆ.

"ಬಸಿರಲ್ಲ ಕಣ್ರೀ. ಏನೂ ಇಲ್ಲ."

ಆ ಕಡೆ ಟಿಪ್ಪರಿನ ಎಂಜಿನ್ ಆಫ್ ಮಾಡಿದ್ದು ಕೇಳಿಸಿತು.

"ಅಮ್ಮ ಹೇಳಿದ್ರು, ಇರ್ಬೋದು ಅಂತ. ನಾನೂ ಆಸೆ ಇಟ್ಕೊಂಡಿದ್ದೆ. ಹೋಗ್ಲಿ ಬಿಡು" ಎಂದರು.

ಮಗಳು ಹುಟ್ಟಿದ ದಿನ ನನಗೆ ರಕ್ತ ಬೇಕೆಂದು ಶಿವಮೊಗ್ಗದಲ್ಲಿ ಕಂಡಕಂಡವರ ಕಾಲು ಹಿಡಿದವರೂ ಇವರೇ.