ಮೊದಲು ಕಣ್ಣಿಗೆ ಕೇಳು

ಸವಳಂಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗಣಿತದ ಮೇಡಂ ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಚಹಾವನ್ನೂ ಅಡ್ಡಾಡುತ್ತಲೇ ಕುಡಿಯೋರು. ನಾನು ಅವರ ಕ್ಲಾಸಿನಲ್ಲಿದ್ದಾಗ, ಕೋನಮಾಪಕದ ಎರಡು ಸಾಲು ಅಂಕಿಗಳಲ್ಲಿ ಯಾರಾದರೂ ತಪ್ಪು ಸಾಲು ಓದಿದರೆ ಬೋರ್ಡಿಗೆ ಬೆರಳು ಕುಟ್ಟಿ, "ಮೊದ್ಲು ಕಣ್ಣಿಗೆ ಕೇಳು. ಕೋನ ಸಣ್ಣದೈತೋ, ಅಗಲ ಐತೋ? ಅಂಕಿ ಆಮೇಲೆ," ಅನ್ನೋರು.

ಆಮೇಲೊಂದು ವರ್ಷ ಅವರ ಬಲಭುಜ ಹಿಡಿದುಕೊಂಡಿತು. ಬೋರ್ಡಿನ ಮೇಲೆ ಬರೆಯಲಾಗದೆ ರಜೆ ಹಾಕಿದರು. ದಿನಾ ಸಂಜೆ ನನ್ನನ್ನು ಕರೆದು, ಮರದ ದೊಡ್ಡ ಕೋನಮಾಪಕವನ್ನು ಭುಜಕ್ಕೆ ಹಿಡಿಸಿ, ಕೈ ಎಷ್ಟು ಮೇಲೆದ್ದಿತು ಎಂದು ಅಳೆಸೋರು. ರಜೆಯ ಕೊನೆಯ ಸಂಜೆ ಹಲ್ಲು ಕಚ್ಚಿ ಕೈ ಎತ್ತಿದರು. ಕತ್ತು ತಿರುಗಿಸಿ ತಾವೇ ಓದಿದರು.

"ನೂರಿಪ್ಪತ್ತು! ಇನ್ನು ಬೋರ್ಡಿನ ತುದೀಗೂ ಬರೆಯಾಕೆ ಬರ್ತೈತೆ, ಬಿಡು."

ಅವರ ಬೆರಳು ಭುಜದ ಮಟ್ಟಕ್ಕೂ ಬಂದಿರಲಿಲ್ಲ. ಅದೇ ಗೆರೆಯ ಇನ್ನೊಂದು ಸಾಲಿನಲ್ಲಿ ಅರವತ್ತಿತ್ತು.

"ಮೇಡಂ, ಕಣ್ಣಿಗೆ ಕೇಳಿದ್ರಾ?" ಅಂದೆ.

ಕೋನಮಾಪಕ ಕಿತ್ತುಕೊಂಡು ಬಾಗಿಲ ತನಕ ಹೋಗಿ ಬಂದರು.

"ಕಣ್ಣಿಗೇನು ಗೊತ್ತಾಗ್ತೈತೆ? ಸುಮ್ನಿರು."

ಮರುದಿನ ಬೆಳಗ್ಗೆ ಶಾಲೆಗೆ ಹೋಗಲು ಎಲ್ಲರಿಗಿಂತ ಮೊದಲು ನ್ಯಾಮತಿ ಬಸ್ಸು ಹತ್ತಿದರು. ಸೀಟು ಖಾಲಿಯಿದ್ದರೂ ನಿಂತೇ ಇದ್ದರು. ಮೇಲಿನ ಕಂಬಿ ಹಿಡಿದದ್ದು ಎಡಗೈ.