ಟಿಪ್ಪರ್ ಕುಡಿದ ನೀರು

ನಾನು ಹೇಳಿದ ಒಂದು ಸುಳ್ಳಿಗೆ ಒಬ್ಬ ಡ್ರೈವರ್‌ನ ಹೆಸರು ಖರ್ಚಾಯಿತು. ಒಂದು ಬಿಡಿಭಾಗದ ದುಡ್ಡು ಬಿಟ್ಟರೆ ನನ್ನ ಕಿಸೆಯಿಂದ ಏನೂ ಹೋಗಲಿಲ್ಲ. ಬದಲಿಗೆ ನನ್ನ ತಲೆಗೆ ಒಂದು ರೇಷ್ಮೆ ಪಟಕ ಬಂತು. ವ್ಯಾಪಾರ ಅಂದರೆ ಹೀಗಿರಬೇಕು ಎಂದು ಆಗ ಅಂದುಕೊಂಡಿದ್ದೆ. ಈಗ ಬರೆಯಲು ಕುಳಿತರೆ — ಇರಲಿ, ಮೊದಲಿನಿಂದ ಹೇಳುತ್ತೇನೆ.

ಸಿಂದಗಿಯಲ್ಲಿ ನನ್ನದು ಹಳೆಯ ಟಿಪ್ಪರ್, ಲೋಡರ್ ಕೊಂಡು, ರಿಪೇರಿ ಮಾಡಿ ಮಾರುವ ದಂಧೆ. ಪಾನಾ ಹಿಡಿದು ನಟ್ಟು ಬಿಚ್ಚಿ ಕಲಿತವನು. ಇಂಜಿನ್ನಿನ ಸದ್ದು ಕೇಳಿ ರೋಗ ಹೇಳುತ್ತೇನೆ, ಕೊಳ್ಳುವವನ ಕೆಮ್ಮು ಕೇಳಿ ಬೆಲೆ ಹೇಳುತ್ತೇನೆ. ಹೀಗೇ ಒಮ್ಮೆ ಮುದ್ದೇಬಿಹಾಳದ ಕಡೆಯ ಕಲ್ಲಿನ ಖಣಿಯಿಂದ ಹತ್ತು ಗಾಲಿಯ ಟಿಪ್ಪರ್ ಒಂದನ್ನು ಅಗ್ಗಕ್ಕೆ ತಂದೆ. ಅಗ್ಗಕ್ಕೆ ಯಾಕೆ ಕೊಟ್ಟರು ಎಂಬುದು ಮರುದಿನ ಮುಂಜಾನೆಯೇ ತಿಳಿಯಿತು. ತಣ್ಣಗಿನ ಇಂಜಿನ್ ಚಾಲೂ ಮಾಡಿದರೆ ಬಿಳಿ ಹೊಗೆ, ಅದರಲ್ಲಿ ತುಸು ಸಿಹಿ ವಾಸನೆ. ಕಾದ ಮೇಲೆ ಹೊಗೆ ಮಾಯ. ಕೂಲಂಟ್, ಅಂದರೆ ಇಂಜಿನ್ ತಣಿಸುವ ನೀರು, ದಿನವೂ ಇಳಿಯುತ್ತದೆ, ಆದರೆ ನೆಲದ ಮೇಲೆ ಒಂದು ಹನಿಯೂ ಇಲ್ಲ.

ಈಗಿನ ಗಾಡಿಗಳಲ್ಲಿ ಹೊಗೆಯ ವಿಷ ಕಡಿಮೆಯಾಗಲೆಂದು ಸ್ವಲ್ಪ ಹೊಗೆಯನ್ನು ತಿರುಗಿ ಇಂಜಿನ್ನಿಗೇ ಉಣಿಸುತ್ತಾರೆ. ಆ ಸುಡುವ ಹೊಗೆಯನ್ನು ತಣಿಸಲು ಒಂದು ಉದ್ದನೆಯ ಪೆಟ್ಟಿಗೆ ಇರುತ್ತದೆ — ಇಜಿಆರ್ ಕೂಲರ್. ಅದರ ಒಳಗೆ ಸಣ್ಣ ಕೊಳವೆಗಳು. ಕೊಳವೆಯಲ್ಲಿ ಹೊಗೆ, ಸುತ್ತ ನೀರು. ಕೊಳವೆ ಬಿರುಕು ಬಿಟ್ಟಿತೋ, ನೀರು ಹೊಗೆಯ ದಾರಿ ಹಿಡಿದು ಇಂಜಿನ್ನಿನೊಳಗೆ ಹೋಗಿ ಆವಿಯಾಗಿ ಸೈಲೆನ್ಸರಿನಿಂದ ಹಾರಿಹೋಗುತ್ತದೆ. ಹಗಲು ಕಳ್ಳತನ, ಹೆಜ್ಜೆ ಗುರುತಿಲ್ಲ.

ಕೂಲರ್ ಬಿಚ್ಚಿದೆ. ಒಣ ಮಸಿ ಇರಬೇಕಾದ ಬಾಯಿಯಲ್ಲಿ ಹಸಿ ರಾಡಿ. ನೀರಿನ ಬಾಯಿಗಳಲ್ಲಿ ಒಂದನ್ನು ಮುಚ್ಚಿ, ಇನ್ನೊಂದರಿಂದ ಗಾಳಿ ಬಿಟ್ಟು ತಣ್ಣೀರಲ್ಲಿ ಮುಳುಗಿಸಿದರೆ ಏನೂ ಇಲ್ಲ. ಕಬ್ಬಿಣ ಕಾದಾಗ ಮಾತ್ರ ಬಾಯಿ ಬಿಡುವ ಬಿರುಕು ಅದು. ಬಚ್ಚಲ ಒಲೆಯ ಮೇಲೆ ಹಂಡೆಯ ನೀರು ಸುಡುತ್ತಿತ್ತು, ಅದರಲ್ಲೇ ಇಳಿಬಿಟ್ಟು ಮತ್ತೆ ಗಾಳಿ ಬಿಟ್ಟೆ. ಗುಳುಗುಳು ಗುಳ್ಳೆ! ನನಗೆ ಆನಂದ, ನನ್ನ ಹೆಂಡತಿಗೆ ಸಿಟ್ಟು.

"ಅಯ್ಯ ನಿಮ್ಮ, ಆ ಮಸೀನೀರಾಗ ಯಾರ ಜಳಕಾ ಮಾಡ್ಬೇಕ್ರಿ? ನೀವ ಮಾಡ್ರಿ, ಹೆಂಗೂ ಬಣ್ಣ ಹೊಂದತೈತಿ!"

ಹೊಸ ಕೂಲರ್‌ಗೆ ಹೇಳಿ ಕಳಿಸಿದೆ. ಅದು ಬರುವ ಮೊದಲೇ ಬೀಗರ ಫೋನು ಬಂತು. ಬಸವನ ಬಾಗೇವಾಡಿ ತಾಲೂಕಿನ ಮಸೂತಿಯ ಗುರುಲಿಂಗಪ್ಪನವರು. ನನ್ನ ಮಗಳನ್ನು ಕೊಟ್ಟ ಮನೆ. ಟಿಪ್ಪರ್ ಬೇಕು, ನಾಳೆಯೇ ಬರುತ್ತೇನೆ, ಜೊತೆಗೆ ನಮ್ಮ ಗಾಡಿ ರಿಪೇರಿಯ ಮಿಸ್ತ್ರಿಯನ್ನೂ ಕರೆತರುತ್ತೇನೆ ಎಂದರು. ಮಿಸ್ತ್ರಿ ಬಂದರೆ ಗುಟ್ಟು ಉಳಿಯುವುದಿಲ್ಲ. ಆಗ ನಾನು ನಗುನಗುತ್ತಲೇ ಅಂದೆ —

"ಅಲ್ರಿ ಬೀಗರ, ಹೆಣ್ಣ ನೋಡಾಕ ಬಂದಾಗ ಡಾಕ್ಟರನ್ನ ಕರ್ಕೊಂಡ ಬಂದಿದ್ರೇನು? ಬೀಗರ ಮನಿಗೆ ಮಿಸ್ತ್ರೀನ ತರ್ತಾರೇನ್ರಿ ಯಾರರ?"

ನಮ್ಮ ಕಡೆ ಬೀಗರ ವಸ್ತುವನ್ನು ತಿರುಗಿಸಿ ಮುರುಗಿಸಿ ನೋಡುವುದು ಅವರ ಮುಖಕ್ಕೆ ಹೊಡೆದಂತೆ. ಅವರು ನಾಚಿಕೊಂಡು ಒಬ್ಬರೇ ಬಂದರು. ಅವರು ಬರುವ ಮೊದಲೇ ನಾನು ಹಳೆಯ ಕೂಲರನ್ನೇ ತಿರುಗಿ ಕೂರಿಸಿ, ಕೂಲಂಟ್ ತುಂಬಿಸಿ, ಇಂಜಿನ್ ಕಾಯಿಸಿ ಇಟ್ಟಿದ್ದೆ. ಬಿಳಿ ಹೊಗೆ ಕಾಣಲಿಲ್ಲ, ಬೀಗರು ಗಾಡಿ ಕೊಂಡು ಹೋದರು. ಹೊಸ ಕೂಲರ್ ಬಂದ ಮೇಲೆ ಹೇಗಾದರೂ ಮಾಡಿ ಹಾಕಿಸಿಕೊಟ್ಟರಾಯಿತು, ಎಂದು ನನ್ನ ಮನಸ್ಸಿಗೂ ಸ್ವಲ್ಪ ಚೌಕಾಸಿ ಮಾಡಿ ಒಪ್ಪಿಸಿದೆ.

ಬೇಸಿಗೆಯ ಬಿಸಿಲು ಏರಿತು, ಮಸೂತಿಯಲ್ಲಿ ಟಿಪ್ಪರೂ ಅತಿಯಾಗಿ ಕಾಯತೊಡಗಿತು. "ನೀವ ಬಂದ ನೋಡ್ರಿ ಬೀಗರ, ನಿಮ್ಮಂಥಾ ತಿಳದಾವ್ರು ಯಾರದಾರ?" ಎಂದು ಗುರುಲಿಂಗಪ್ಪನವರು ಕರೆದರು. ಮಸೂತಿಗೆ ಹೋದೆ. ಗಾಡಿಯ ಪಕ್ಕ ಅವರ ಡ್ರೈವರ್ ಯಮನಪ್ಪ ಕೈಕಟ್ಟಿ ನಿಂತಿದ್ದ. ಅವರ ಮನೆಯಲ್ಲಿ ಅನ್ನ ಉಂಡು ಬೆಳೆದವನು, ಗಾಡಿಯನ್ನು ಎತ್ತಿನಂತೆ ಮೈತೊಳೆದು ನೋಡಿಕೊಳ್ಳುವವನು.

"ಅಣ್ಣಾರ, ದಿನಾ ಮುಂಜಾನೆ ನೀರ ನೋಡೇ ಗಾಡಿ ತಗೀತೇನ್ರಿ. ಕೆಳಗ ಒಂದ ಹನಿ ಬಿದ್ದಿಲ್ಲ. ಎಲ್ಲಿ ಹೋಗತೈತೋ ಆ ದೇವರಿಗೇ ಗೊತ್ತು."

ದೇವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಂಜಿನ್ ಚಾಲೂ ಮಾಡಿಸಿ ನೋಡಿದೆ: ನೀರಿನ ಡಬ್ಬಿಯಲ್ಲಿ ಗುಳ್ಳೆಗಳು ಏಳುತ್ತಿದ್ದವು, ಬಿರುಕಿನಿಂದ ಹೊಗೆಯೂ ನೀರಿಗೆ ನುಗ್ಗುತ್ತಿತ್ತು. ಇದೇ ಲಕ್ಷಣ ಹೆಡ್ ಗ್ಯಾಸ್ಕೆಟ್ — ಇಂಜಿನ್ನಿನ ತಲೆಗೂ ಮೈಗೂ ನಡುವಿನ, ನೀರಿಲ್ಲದೆ ಓಡಿಸಿದರೆ ಸುಟ್ಟುಹೋಗುವ ತೆಳು ಹಾಳೆ — ಹೋದರೂ ಕಾಣುತ್ತದೆ. ಹತ್ತರಲ್ಲಿ ಒಂಬತ್ತು ಮಿಸ್ತ್ರಿಗಳು ಇಲ್ಲೇ ಮೋಸ ಹೋಗುತ್ತಾರೆ. ನಾನು ಮೋಸ ಹೋಗಲಿಲ್ಲ — ಮಾಡಿದೆ. ಬೀಗರು ನನ್ನ ಮುಖ ನೋಡುತ್ತಿದ್ದರು. ನಿಜ ಹೇಳಿದರೆ ಮಗಳ ಮನೆಯಲ್ಲಿ ನನ್ನ ಮಾನ... ಆ ಮಾತು ಪೂರ್ತಿ ಮಾಡುವುದಿಲ್ಲ, ಅದು ನೆಪವಾಗುತ್ತದೆ.

"ಹೆಡ್ ಗ್ಯಾಸ್ಕೆಟ್ ಹೋಗೇತ್ರಿ. ನೀರಿಲ್ದ ಓಡ್ಸ್ಯಾನ."

ಯಮನಪ್ಪ ಒಮ್ಮೆ ನನ್ನನ್ನು, ಒಮ್ಮೆ ಮಾಲೀಕರನ್ನು ನೋಡಿದ. ಹೆಡ್ ಇಳಿಸಿದರು, ಚೆನ್ನಾಗಿದ್ದ ಗ್ಯಾಸ್ಕೆಟ್ ತೆಗೆದು ಹೊಸದು ಹಾಕಿದರು. ಬಿಚ್ಚಿದ ಮೇಲೆ ಹಳೆಯದನ್ನು ಯಾರೂ ತಿರುಗಿ ನೋಡುವುದಿಲ್ಲ, ಅದು ನನಗೆ ಅನುಕೂಲವೇ ಆಯಿತು. ಆ ಗದ್ದಲದಲ್ಲೇ ನಾನು ನನ್ನ ಕಾರಿನ ಡಿಕ್ಕಿಯಲ್ಲಿ ತಂದಿದ್ದ ಹೊಸ ಕೂಲರ್ ತೆಗೆದು, "ಇರ್ಲಿ ಬಿಡ್ರಿ, ಬೀಗತನಕ್ಕ ನನ್ನ ಕಡಿಂದ ಪುಕ್ಕಟೆ" ಎಂದು ಹಾಕಿಸಿಬಿಟ್ಟೆ. ಗಾಡಿ ಸರಿಹೋಯಿತು. ಬೀಗರು ಹಿಗ್ಗಿ, ಊಟಕ್ಕೆ ಕೂರಿಸಿ, ರೇಷ್ಮೆ ಪಟಕ ಸುತ್ತಿ ಉಡುಗೊರೆಯ ಆಯೇರಿ ಮಾಡಿದರು. ನಾನು ಹೋಳಿಗೆ ಉಣ್ಣುತ್ತಿದ್ದಾಗ ಯಮನಪ್ಪ ಗಾಡಿಯ ಕೀಲಿ ಕಟ್ಟೆಯ ಮೇಲಿಟ್ಟು ನಡೆದುಹೋದ. ಹೋಳಿಗೆ ರುಚಿಯಾಗಿತ್ತು. ಅದನ್ನೂ ಒಪ್ಪಿಕೊಳ್ಳಬೇಕು.

'ನೀರು ನೋಡದ ಡ್ರೈವರ್' ಎಂಬ ಹೆಸರು ಚಹಾದ ಅಂಗಡಿಯಿಂದ ಚಹಾದ ಅಂಗಡಿಗೆ ಅವನಿಗಿಂತ ಮುಂಚೆ ತಲುಪಿತು. ದೊಡ್ಡ ಗಾಡಿ ಯಾರೂ ಕೊಡಲಿಲ್ಲ.

ಮೊನ್ನೆ ಇಂಡಿಗೆ ಲೋಡರ್ ನೋಡಲು ಹೋದವನಿಗೆ ನಿಂಬೆಹಣ್ಣಿನ ಚೀಲ ತುಂಬಿದ ಟ್ರ್ಯಾಕ್ಟರ್ ಮೇಲೆ ಯಮನಪ್ಪ ಕಂಡ. ಈಗ ಹಲಸಂಗಿಯ ರೈತರೊಬ್ಬರ ಬಳಿ ಇದ್ದಾನಂತೆ. ತಪ್ಪಿಸಿಕೊಳ್ಳಬೇಕೆಂದಿದ್ದೆ, ಅವನೇ ಇಳಿದು ಬಂದು ಚಹಾ ಹೇಳಿದ. ಚಹಾ ಬರುವಷ್ಟರಲ್ಲಿ ಎದ್ದು ಹೋಗಿ ರೇಡಿಯೇಟರ್ ನೋಡಿ ಬಂದ. ಕುಡಿದು ಮುಗಿಸಿ ಮತ್ತೆ ನೋಡಿದ. ಅಂಗಡಿಯವನು ನಕ್ಕ: "ಕೂಸಿಗಿ ಹಾಲ ಕುಡಿಸ್ದಂಗ ನೋಡಾವ ರೀ ಇಂವ!"

ಯಮನಪ್ಪನೂ ನಕ್ಕ. ಆಮೇಲೆ ಮೆಲ್ಲಗೆ ಕೇಳಿದ: "ಅಣ್ಣಾರ, ನೀವು ತಿಳದಾವ್ರು. ಅವತ್ತ ನಾ ನೀರ ನೋಡಿದ್ದು ಖರೇನೋ, ನೋಡೇನಿ ಅನ್ಕೊಂಡಿದ್ನೋ? ಈಗೀಗ ನನಗ ನನ್ನ ಮ್ಯಾಲ ನಂಬಿಕಿ ಉಳಿದಿಲ್ರಿ."

ಅವನ ಕೆಲಸ ಮಾತ್ರ ಕಳೆದೆ ಎಂದುಕೊಂಡಿದ್ದೆ. ಅವನ ಕಣ್ಣಿನ ಮೇಲೆ ಅವನಿಗಿದ್ದ ನಂಬಿಕೆಯನ್ನೂ ಕಳೆದಿದ್ದೆ. ಅಲ್ಲೇ, ಬೆಂಚಿನ ಮೇಲೆ, ಹಂಡೆಯ ಗುಳ್ಳೆಯಿಂದ ಹಿಡಿದು ಎಲ್ಲ ಹೇಳಿದೆ. ಅವನು ಟ್ರ್ಯಾಕ್ಟರಿನ ಕಡೆ ನೋಡಿ, "ಹಂಗಾರ ನಾ ಹುಚ್ಚ ಅಲ್ಲ" ಎಂದ. ಕ್ಷಮೆ ಕೇಳಲು ಬಾಯಿ ತೆರೆದೆ, ಕೈ ಅಡ್ಡ ಹಿಡಿದ. "ನನ್ನೊಬ್ಬನ ಮುಂದ ಹೇಳಿದ್ರ ಏನ ಬಂತ್ರಿ? ಊರ ಮುಂದ ಹೇಳ್ರಿ."

ಮೊದಲು ಮಸೂತಿಗೆ ಹೋಗಿ ಹೇಳಿದೆ. ಗುರುಲಿಂಗಪ್ಪನವರು ಎದ್ದು ಒಳಗೆ ಹೋಗಿ, ತಿರುಗಿ ಬಂದು, "ಪಟಕಾ ತಂದೀರೇನ್ರಿ? ಇಟ್ಟ ಹೋಗ್ರಿ" ಎಂದರು. ಅಷ್ಟೇ. ನಗಲಿಲ್ಲ. ನನ್ನ ಮಗಳು ಮಾತ್ರ ಬಾಗಿಲ ಸಂದಿಯಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಈಗ ಊರ ಮುಂದೆ ಹೇಳುವುದು ಉಳಿದಿತ್ತು, ಅದನ್ನೇ ಇಲ್ಲಿ ಬರೆದಿದ್ದೇನೆ.

ಇನ್ನು ನಿಮಗೆ, ಗಾಡಿ ಇರುವವರಿಗೆ, ನಾಲ್ಕು ಮಾತು. ಹಳೆ ಗಾಡಿ ಕೊಳ್ಳಲು ಹೋದಾಗ ಮೊದಲು ಇಂಜಿನ್ ಮುಟ್ಟಿ ನೋಡಿ. ನೀವು ಬರುವ ಮೊದಲೇ ಬೆಚ್ಚಗಿದ್ದರೆ, ನಾಳೆ ಬರುತ್ತೇನೆ ಎಂದು ಹೇಳದೆ ಮುಂಜಾನೆ ಬೇಗ ಹೋಗಿ. ನೀರು ಇಳಿಯುತ್ತಿದೆ, ಹನಿ ಕಾಣದು ಎಂದರೆ ಹೆಡ್ಡಿಗೆ ಕೈ ಹಾಕುವ ಮೊದಲು ಕೂಲರ್ ಬಿಚ್ಚಿ ನೋಡಿ. ಹಸಿ ಇದ್ದರೆ ಗಾಳಿ ಬಿಟ್ಟು ಬಿಸಿನೀರಲ್ಲೇ ಪರೀಕ್ಷಿಸಿ, ತಣ್ಣೀರು ಸುಳ್ಳು ಹೇಳುತ್ತದೆ. ಇಂಜಿನ್ ಕಾದಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಬೇಡಿ, ಮುಖ ಸುಟ್ಟೀತು. ರೇಡಿಯೇಟರ್‌ಗೆ ನಮ್ಮ ಬೋರಿನ ಸವುಳು ನೀರು ಹಾಕಬೇಡಿ, ಕೂಲರಿನ ಹೊಟ್ಟೆಯಲ್ಲಿ ಸುಣ್ಣ ಕಟ್ಟಿ ಬಿರುಕು ಬೇಗ ಬರುತ್ತದೆ.

ಮತ್ತೆ, ದೊಡ್ಡ ಗಾಡಿಗೆ ನಂಬಿಗಸ್ತ ಡ್ರೈವರ್ ಬೇಕಿದ್ದವರು ಹಲಸಂಗಿಗೆ ಹೋಗಿ ಯಮನಪ್ಪನನ್ನು ಕೇಳಿ. ಬೀಗರೂ ತಿರುಗಿ ಬಾ ಎಂದು ಹೇಳಿಕಳಿಸಿದ್ದಾರೆ, ಅವನು ಇನ್ನೂ ಹೂಂ ಅಂದಿಲ್ಲ. ಅವನು ಹೇಳಿದ ಪಗಾರಕ್ಕೆ ಒಪ್ಪಿಕೊಳ್ಳಿ, ಚೌಕಾಸಿ ಮಾಡಬೇಡಿ.